ಹನ್ನೊಂದಕ್ಕೆ ಅಳತೆ, ನಾಲ್ಕಕ್ಕೆ ಕತ್ತರಿ

"ಸ್ವಂತ ಮಗಳನ್ನೇ ಟೀಮಿಂದ ಕಿತ್ತು ಹಾಕಿದಾರೆ ಕಣೇ ನಿಮ್ಮ ಮಾವ! ಹೊಟ್ಟೇಲಿ ಹುಟ್ಟಿದ ಮಗಳನ್ನ!"

ನಾನಿನ್ನೂ ಒಂದು ಚಪ್ಪಲಿ ಬಿಟ್ಟಿದ್ದೆ, ಇನ್ನೊಂದು ಕಾಲಲ್ಲೇ ಇತ್ತು. ಹೊಟ್ಟೆಯಲ್ಲಿ ಹೊತ್ತದ್ದು ಮಾವನಲ್ಲ, ನೀವೇ ಅತ್ತೆ ಎಂದು ತಿದ್ದುವ ಸಮಯ ಅದಾಗಿರಲಿಲ್ಲ. ಅತ್ತೆಯ ಕೈಯಲ್ಲಿ ಸೌಟಿತ್ತು.

"ಯಾವ ಟೀಮು?"

"ಫುಟ್ಬಾಲು ಕಣೇ! ಹನ್ನೊಂದು ಮಕ್ಕಳಿದ್ರು. ನಾಲ್ಕನ್ನ ಇಟ್ಕೊಂಡು ಏಳನ್ನ ಮನೆಗೆ ಕಳಿಸಿದಾರೆ. ಏಳರಲ್ಲಿ ಮೊದಲನೆಯವಳು ನಮ್ಮ ಗುಂಡಿ. ಬೆಳಗ್ಗೆಯಿಂದ ಬೀರು ಒಳಗೆ ಕೂತಿದಾಳೆ."

"ಬೀರು ಒಳಗಾ?"

"ಬಾಗಿಲು ತೆಗೆದೇ ಇದೆ. ಹೋಗಿ ನೋಡು."

ಕಾಲೇಜಿಗೆಂದು ನಾನು ಮಾವನ ಮನೆ ಸೇರಿ ಎರಡು ವರ್ಷವಾಯಿತು. ಮಾವ ಟೈಲರ್. ಕೆಳಗೆ ಅಂಗಡಿ, ಮೇಲೆ ಮನೆ. ಗುಂಡಿ ಎಂದರೆ ಅವನ ಒಬ್ಬಳೇ ಮಗಳು, ವಯಸ್ಸು ಎಂಟು. ಒಂದು ವರ್ಷದವಳಿದ್ದಾಗ ಗಿರಾಕಿಯೊಬ್ಬರ ಕೋಟಿನ ಗುಂಡಿ ನುಂಗಿದ್ದಳು. ಗುಂಡಿ ಮೂರನೇ ದಿನ ಹೊರಗೆ ಬಂತು, ಹೆಸರು ಮಾತ್ರ ಉಳಿದುಕೊಂಡಿತು. ಟೀಮಿನಲ್ಲಿ ಅವಳು ಗೋಲಿ, ಅಂದರೆ ಗೋಲ್‌ಕೀಪರ್. ಚೆಂಡು ಎಲ್ಲಿಂದ ಬಂದರೂ ತಬ್ಬಿ ಹಿಡಿಯುತ್ತಿದ್ದಳು. ಊಟಕ್ಕೆ ಕೂತಾಗ ನಿಂಬೆಹಣ್ಣು ಉರುಳಿದರೂ ಹಾರುತ್ತಿದ್ದಳು.

ಬೀರುವಿನ ಒಳಗೆ, ಇಸ್ತ್ರಿ ಮಾಡಿದ ಪ್ಯಾಂಟುಗಳ ಕೆಳಗೆ, ಕೈಗವಸು ಹಾಕಿಕೊಂಡೇ ಕೂತಿದ್ದಳು.

"ಅಕ್ಕ, ನಿನ್ನ ಮಾವನಿಗೆ ಹೇಳು," ಎಂದಳು. "ನನ್ನನ್ನ ವಾಪಸ್ ಟೀಮಿಗೆ ಸೇರಿಸೋವರೆಗೂ ನಾನು ಅವರ ಹತ್ರ ಮಾತಾಡಲ್ಲ."

ಅಪ್ಪ ಹೋಗಿ 'ನಿನ್ನ ಮಾವ' ಆಗಿದ್ದ. ಸಂಜೆಯ ಹೊತ್ತಿಗೆ ಅತ್ತೆಯ ಬಳಿ 'ನಿನ್ನ ಗಂಡ' ಎಂದೂ, ಅಂಗಡಿಗೆ ಬಂದ ಗಿರಾಕಿಯ ಬಳಿ 'ಟೈಲರ್ ಒಳಗಿದಾರೆ' ಎಂದೂ ಹೇಳಿದಳು. ಮಾವ ಹೊಲಿಗೆ ಮೆಷಿನ್ನಿನ ಮುಂದೆ ಬಗ್ಗಿಕೊಂಡು ಕೇಳಿಸಿಯೂ ಕೇಳಿಸದವನಂತೆ ಪೆಡಲ್ ತುಳಿಯುತ್ತಿದ್ದ. ಸೂಜಿಯಲ್ಲಿ ದಾರವೇ ಇರಲಿಲ್ಲ.

ಮಾವ ಕೋಚ್ ಆದದ್ದು ಒಂದು ಫೋಟೋದ ದೆಸೆಯಿಂದ. ಅಂಗಡಿಯ ಕನ್ನಡಿಯ ಪಕ್ಕದಲ್ಲೇ ಅದನ್ನು ನೇತುಹಾಕಿದ್ದಾನೆ. ಇಪ್ಪತ್ತು ವರ್ಷದ ಹಿಂದಿನ ಫುಟ್ಬಾಲ್ ತಂಡವೊಂದು ಕಪ್ ಹಿಡಿದು ನಿಂತಿದೆ, ಹನ್ನೊಂದು ಜನ ಗಟ್ಟಿಮುಟ್ಟು ಹುಡುಗರು, ಕೊನೆಯಲ್ಲಿ ಹನ್ನೆರಡನೇ ನಂಬರಿನ ಅಂಗಿ ತೊಟ್ಟು ಕಡ್ಡಿಯಂತಿರುವ ಮಾವ. ನಿಜ ಏನೆಂದರೆ ಆ ತಂಡದ ಅಂಗಿಗಳನ್ನು ಹೊಲಿದವನು ಮಾವ. ಒಂದು ಅಂಗಿ ಮಿಕ್ಕಿತ್ತು. ತೋಳು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಹಾಕಿಕೊಂಡು ನೋಡುತ್ತಿದ್ದಾಗ ಫೋಟೋದವನು "ಎಲ್ಲಾ ಬನ್ನಿ" ಎಂದ. ಮಾವನೂ ಹೋದ. ಅಷ್ಟೇ ಕಥೆ. ಆದರೆ ಫೋಟೋ ನೋಡಿದ ಗಿರಾಕಿಗಳು "ಓಹೋ, ಆಡ್ತಿದ್ರಾ?" ಎಂದು ಕೇಳುತ್ತಿದ್ದರು. ಕೆಲಸದಲ್ಲಿರುವಾಗ ಮಾವನ ಬಾಯಲ್ಲಿ ನಾಲ್ಕು ಪಿನ್ನು ಇರುತ್ತವೆ, "ಹ್ಞೂಂ" ಎಂದಷ್ಟೇ ಹೇಳಲು ಸಾಧ್ಯ. ಇಪ್ಪತ್ತು ವರ್ಷ "ಹ್ಞೂಂ" ಎನ್ನುತ್ತಾ ಎನ್ನುತ್ತಾ ಅದೇ ನಿಜವಾಗಿಬಿಟ್ಟಿತು.

ಮಕ್ಕಳ ಫುಟ್ಬಾಲ್ ಸಂಘದ ಕಾರ್ಯದರ್ಶಿಗಳು ಒಂದು ದಿನ ಅಳತೆ ಕೊಡಲು ಬಂದವರು ಫೋಟೋ ನೋಡಿದರು, ಮಾವನನ್ನು ನೋಡಿದರು, ಅಲ್ಲೇ ನೇಮಕ ಮಾಡಿದರು. ಆಗಲೂ ಮಾವನ ಬಾಯಲ್ಲಿ ಪಿನ್ನಿತ್ತು.

ರಾತ್ರಿಯ ಅಡುಗೆಗೆ ಮುಂಚೆ ನಾನು ಅಂಗಡಿಗೆ ಇಳಿದೆ.

"ಏನು ಮಾವ ಇದು?"

"ನಾನೇನು ಮಾಡ್ಲಿ? ಹೊಸ ರೂಲ್ಸು ಬಂದಿದೆ," ಎಂದು ಮಾವ ಒಂದು ಹಾಳೆ ತೆಗೆದು ಕೊಟ್ಟ. ಹಾಳೆ ಎಂದರೆ ಹಾಳೆಯಲ್ಲ, ರಟ್ಟಿನ ತಮ್ಮ. ಕಾರ್ಯದರ್ಶಿಗಳು ಮೂವತ್ತು ವರ್ಷ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತೆಳ್ಳಗಿನ ಕಾಗದದ ಮೇಲೆ ಅವರಿಗೆ ನಂಬಿಕೆಯಿಲ್ಲ.

ಓದಿದೆ. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಇನ್ನು ಮುಂದೆ ಸಣ್ಣ ಮೈದಾನ, ಸಣ್ಣ ಗೋಲು. ಗೋಲ್‌ಕೀಪರ್ ಇರತಕ್ಕದ್ದಲ್ಲ. ಗೋಲುಗಳ ಸಂಖ್ಯೆಯನ್ನು ಬರೆಯತಕ್ಕದ್ದಲ್ಲ, ಪ್ರಕಟಿಸತಕ್ಕದ್ದಲ್ಲ. ಕಟ್ಟಕಡೆಯ ಸಾಲು: 'ಪ್ರತಿ ತಂಡದಿಂದ ನಾಲ್ಕು ಮಕ್ಕಳು ಮಾತ್ರ'.

"ಇಷ್ಟೇನಾ ಮಾವ?"

"ಇಷ್ಟೇ. ಚೊಕ್ಕವಾಗಿದೆ. ಹನ್ನೊಂದು ಮೀಟರ್ ಬಟ್ಟೆ ತಂದು ನಾಲ್ಕು ಮೀಟರ್‌ದು ಹೊಲಿ ಅಂದ್ರೆ ಏನ್ಮಾಡ್ತೀಯ? ಕತ್ತರಿಸಲೇಬೇಕು. ಸಾಲಾಗಿ ನಿಲ್ಲಿಸಿ ನಾಲ್ವರ ಬೆನ್ನಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ. ಗೆರೆ ಇದ್ದವರು ಒಳಗೆ, ಇಲ್ಲದವರು ಹೊರಗೆ."

"ಗುಂಡಿ?"

ಮಾವ ಕತ್ತರಿ ಕೆಳಗಿಟ್ಟ. "ಗೋಲಿ ಇರಬಾರದು ಅಂತ ರೂಲೇ ಹೇಳ್ತಿದೆ. ಕೋಚ್ ಮಗಳು ಅಂತ ಇಟ್ಕೊಂಡ್ರೆ ನಾಳೆ ಬೀದೀಲಿ ಏನಂತಾರೆ?"

ಬೀದಿಯವರು ಏನನ್ನುತ್ತಾರೆಂದು ಮರುದಿನ ಬೆಳಗ್ಗೆ ಗೊತ್ತಾಯಿತು.

ಮೊದಲು ಬಂದವರು ಬೇಕರಿಯವರು. ಅವರಿಗೆ ಅವಳಿ ಗಂಡುಮಕ್ಕಳು. ಒಂದೇ ಅಚ್ಚಿನಲ್ಲಿ ಬೆಂದ ಎರಡು ಬನ್ನು.

"ಸಾರ್, ಒಬ್ಬನ್ನ ಇಟ್ಕೊಂಡು ಒಬ್ಬನ್ನ ಬಿಟ್ಟಿದೀರಿ."

"ಹೌದು, ನಾಲ್ಕೇ ಜಾಗ ಇತ್ತು."

"ಸರಿ ಸಾರ್, ನಾನು ಜಗಳಕ್ಕೆ ಬಂದಿಲ್ಲ. ಯಾರನ್ನ ಬಿಟ್ರಿ ಅಂತ ಹೇಳಿ ಸಾಕು."

"ಬೆನ್ನ ಮೇಲೆ ಗೆರೆ ಇಲ್ದೇ ಇರೋನನ್ನ."

"ಅಂಗಿ ಒಗೆದುಬಿಟ್ಟಿದಾಳೆ ಸಾರ್ ನನ್ನ ಹೆಂಡತಿ! ಈಗ ಇಬ್ಬರೂ ನಾನೇ ಅಂತಾರೆ. ಬಿಟ್ಟುಹೋದೋನಿಗೆ ಸಮಾಧಾನಕ್ಕೆ ಕೇಕ್ ಕೊಡ್ತೀನಿ ಅಂದೆ, ಆಗ ಇಬ್ಬರೂ ನಾನಲ್ಲ ಅಂತಾರೆ!"

ಮಾವ ಯೋಚಿಸಿ, "ಎಡಗಡೆ ನಿಂತಿದ್ದೋನು" ಎಂದ. ಬೇಕರಿಯವರು ಕೈಮುಗಿದು ಹೋದರು. ಬೀದಿ ತಿರುವಿನವರೆಗೂ ಎಡ ಯಾವುದು, ಬಲ ಯಾವುದು ಎಂದು ಕೈ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಎರಡನೆಯವರು ಹಲ್ಲಿನ ಡಾಕ್ಟರಮ್ಮ. ಅವರ ಮಗನೂ ಏಳರಲ್ಲಿ ಒಬ್ಬ. ಇವರ ಜೊತೆ ಮಾತಾಡುವುದು ಕಷ್ಟ. ದಿನವಿಡೀ ಬಾಯಿ ತೆರೆದು ಮಲಗಿದವರ ಬಳಿಯೇ ಮಾತಾಡಿ, ಎದುರಿನವರು ಉತ್ತರ ಕೊಡುತ್ತಾರೆ ಎಂಬುದೇ ಅವರಿಗೆ ಮರೆತುಹೋಗಿದೆ.

"ನನ್ನ ಮಗನಲ್ಲಿ ಏನು ಕೊರತೆ ಕಂಡ್ರಿ? ಹೇಳಿ. ಹೇಳಲ್ಲ. ಓಡಲ್ವಾ? ಓಡ್ತಾನೆ. ಒದೆಯಲ್ವಾ? ನನ್ನನ್ನೇ ಒದೀತಾನೆ. ಎರಡು ದಿನದಿಂದ ಹಲ್ಲುಜ್ಜಿಲ್ಲ ಸಾರ್ ಅವನು! ಒಬ್ಬ ಹಲ್ಲಿನ ಡಾಕ್ಟರ್ ಮಗ! ನಾಳೆ ಹುಳುಕಾದ್ರೆ ನೀವು ತುಂಬಿಸ್ತೀರಾ? ಏನೂ ಹೇಳಬೇಡಿ. ನೋವಾದ್ರೆ ಕೈ ಎತ್ತಿ."

ಮಾವ ಕೈ ಎತ್ತಿದ.

"ಸ್ವಲ್ಪ ತಡ್ಕೊಳಿ, ಮುಗೀತು," ಎಂದು ಅವರು ಮತ್ತೆ ಕಾಲು ಗಂಟೆ ಮಾತಾಡಿದರು. ಹೋಗುವಾಗ, ಕೋಚನ್ನು ಬದಲಾಯಿಸಬೇಕೆಂದು ಅರ್ಜಿ ಬರೆದು ಎಲ್ಲ ಅಪ್ಪ-ಅಮ್ಮಂದಿರ ಸಹಿ ಹಾಕಿಸುವುದಾಗಿ ಹೇಳಿ ಹೋದರು.

ಅತ್ತೆಗೆ ಈಗ ನಿಜವಾದ ಚಿಂತೆ ಹಿಡಿಯಿತು. "ಇವರು ಹೋದ್ರೆ ಕೋಚ್ ಆಗೋಕೆ ಇನ್ಯಾರೂ ಇಲ್ಲ. ಟೀಮೇ ಮುಚ್ಚುತ್ತೆ. ಆಗ ಗುಂಡಿ ಜೀವಮಾನಪೂರ್ತಿ ಬೀರೂಲೇ ಕೂರ್ತಾಳೆ. ಪ್ಯಾಂಟೆಲ್ಲಾ ಎಲ್ಲಿಡ್ಲಿ ನಾನು?"

ಮಾವ ಸುಮ್ಮನೆ ಕೂರಲಿಲ್ಲ. ಹಾಳಾದ ಬಟ್ಟೆಯನ್ನು ಇನ್ನಷ್ಟು ಹಾಳು ಮಾಡಿ, ಅದಕ್ಕೆ 'ಹೊಸ ಡಿಸೈನು' ಎಂದು ಹೆಸರಿಡುವುದು ಅವನ ಕಸುಬಿನ ಹಳೆಯ ಪದ್ಧತಿ. ಕೈಬಿಟ್ಟ ಏಳು ಮಕ್ಕಳಿಗೂ ಹುದ್ದೆ ಕೊಟ್ಟ. ಡಾಕ್ಟರಮ್ಮನ ಮಗ ಗೆರೆ ಅಧಿಕಾರಿ. ಒಬ್ಬಳು ಶೂ ಲೇಸಿನ ಮೇಲ್ವಿಚಾರಕಿ. ಒಬ್ಬ ಚೆಂಡಿನ ಗಾಳಿ ಪರೀಕ್ಷಕ. ಎಡಗಡೆಯ ಅವಳಿ ಹುಡುಗನಿಗೆ ನೀರಿನ ಬಾಟಲಿಯ ಕಾವಲು. ಉಳಿದ ಇಬ್ಬರಿಗೆ ಮೋಡ ನೋಡುವ ಕೆಲಸ. ಏಳೂ ಜನಕ್ಕೆ ಉಳಿದ ಕೆಂಪು ಸ್ಯಾಟಿನ್ ಬಟ್ಟೆಯಲ್ಲಿ ತೋಳುಪಟ್ಟಿ ಹೊಲಿದ. ಗುಂಡಿಯ ಪಟ್ಟಿಯ ಮೇಲೆ ದಾರದಲ್ಲಿ 'ಗೋಲಿನ ಹಿಂದಿನ ಅಧಿಕಾರಿ' ಎಂದು ಕಸೂತಿ ಬೇರೆ.

"ಅಕ್ಕ, ನಿನ್ನ ಮಾವನಿಗೆ ಹೇಳು," ಎಂದಳು ಗುಂಡಿ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ. "ಇದು ಚೆಂಡು ಹೆಕ್ಕೋ ಕೆಲಸ."

ಭಾನುವಾರ ಬೆಳಗ್ಗೆ ನೀರಿನ ಟ್ಯಾಂಕ್ ಬೀದಿಯ ತಂಡದ ಜೊತೆ ಅಭ್ಯಾಸದ ಪಂದ್ಯ. ಆ ತಂಡದ ಕೋಚ್ ಆಸ್ಪತ್ರೆಯ ನರ್ಸಮ್ಮ. ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ, ಮುಖದಲ್ಲಿ ಇಂಜೆಕ್ಷನ್ ಕೊಡುವ ಮುಂಚಿನ ನಗು.

ಆಟ ಶುರುವಾಯಿತು. ಗೋಲಿನಲ್ಲಿ ಯಾರೂ ಇಲ್ಲದ್ದರಿಂದ ಚೆಂಡು ಮನೆಗೆ ಬಂದ ನೆಂಟನ ಹಾಗೆ ಸಲೀಸಾಗಿ ಒಳಗೆ ಹೋಗಿ ಬರುತ್ತಿತ್ತು. ನಮ್ಮ ನಾಲ್ವರು ಅತ್ತಲೂ ಇತ್ತಲೂ ಓಡಿ ಓಡಿ ಸುಸ್ತಾದರು. ಅಷ್ಟರಲ್ಲಿ ಅವಳಿಗಳಿಬ್ಬರೂ ನೀರು ಕುಡಿಯುವ ನೆಪದಲ್ಲಿ ತೋಳುಪಟ್ಟಿಯನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸಿ ಜಾಗ ಅದಲುಬದಲು ಮಾಡಿಕೊಂಡರು. ಅದನ್ನು ನೋಡಿದವಳು ನಾನೊಬ್ಬಳೇ. ಬೇಕರಿಯವರು ನೋಡಿಯೂ ಗೊತ್ತಾಗದೆ ಇಬ್ಬರಿಗೂ ಚಪ್ಪಾಳೆ ತಟ್ಟಿದರು.

"ಸ್ಕೋರ್ ಎಷ್ಟು ಸಾರ್?" ಎಂದು ಕೇಳಿದರು.

"ಹೇಳೋ ಹಾಗಿಲ್ಲ," ಎಂದ ಮಾವ ಗಂಭೀರವಾಗಿ.

"ಇದೆ ತಾನೆ ಆದ್ರೆ?"

"ಇದೆ. ಹೇಳೋ ಹಾಗಿಲ್ಲ."

ಮನುಷ್ಯನಿಗೆ ಹೇಳಬಾರದು ಎಂದರೆ ಸಾಕು, ಎಣಿಸಲು ಶುರುಮಾಡುತ್ತಾನೆ. ಡಾಕ್ಟರಮ್ಮ ಬೆರಳುಗಳಲ್ಲಿ ಎಣಿಸಿ ಆರಕ್ಕೆ ಎರಡು ಎಂದರು. ಬೇಕರಿಯವರು ಜೇಬಿನ ಒಣದ್ರಾಕ್ಷಿಯಲ್ಲಿ ಲೆಕ್ಕ ಇಟ್ಟಿದ್ದರು, ಗೋಲಿಗೊಂದರಂತೆ ಬಲ ಜೇಬಿನಿಂದ ಎಡ ಜೇಬಿಗೆ. ಮಧ್ಯೆ ಹಸಿವಾಗಿ ಎದುರು ತಂಡದ ಐದು ಗೋಲು ತಿಂದುಬಿಟ್ಟರು. ಅವರ ಪ್ರಕಾರ ನಾವೇ ಗೆಲ್ಲುತ್ತಿದ್ದೆವು.

ಗುಂಡಿ ಗೋಲಿನ ಹಿಂದೆ ನಿಂತಿದ್ದಳು. ತೋಳುಪಟ್ಟಿ ಕಟ್ಟಿರಲಿಲ್ಲ, ಕೈಗವಸು ಹಾಕಿದ್ದಳು. ಒಳಗೆ ನುಗ್ಗಿದ ಒಂದೊಂದು ಚೆಂಡನ್ನೂ ಆಚೆ ಕಡೆ ಹಾರಿ ಹಿಡಿಯುತ್ತಿದ್ದಳು. ಒಂದೂ ಬಿಡಲಿಲ್ಲ. ಗೋಲು ಆದ ಮೇಲೆ ಹಿಡಿದು ಏನು ಪ್ರಯೋಜನ? ಆದರೂ ಪ್ರತಿ ಸಲ ಹಿಡಿದು, ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಮಾವನ ಕಡೆಗೆ ನೋಡದೆ ಚೆಂಡನ್ನು ವಾಪಸ್ ಎಸೆಯುತ್ತಿದ್ದಳು. ಮಾವ ಕೊರಳಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದ.

ಆಗ ನರ್ಸಮ್ಮ ಸೀಟಿ ಊದಿದರು. ಅವರ ನಾಲ್ಕು ಮಕ್ಕಳು ಹೊರಗೆ ಬಂದರು. ಬೇರೆ ನಾಲ್ಕು ಮಕ್ಕಳು ಕುಣಿಯುತ್ತಾ ಒಳಗೆ ಹೋದರು.

"ನಿಲ್ಲಿಸಿ!" ಎಂದು ಮಾವ ಮೈದಾನಕ್ಕೆ ನುಗ್ಗಿದ. "ಇದೇನಮ್ಮ ಕಳ್ಳಾಟ? ನಾಲ್ಕು ಅಂದ್ರೆ ನಾಲ್ಕು! ನಿಮ್ಮದು ಎಂಟಾಯ್ತು!"

"ನಾಲ್ಕೇ ಇದಾರಲ್ಲ ಸಾರ್ ಒಳಗೆ? ಎಣಿಸಿ."

"ಆಗ ಇದ್ದ ನಾಲ್ಕು ಬೇರೆ, ಈಗ ಇರೋ ನಾಲ್ಕು ಬೇರೆ!"

"ಹೌದು ಸಾರ್. ಎಲ್ಲಾ ಮಕ್ಕಳೂ ಆಡಬೇಕಲ್ಲ? ಎರಡನೇ ಪುಟ ಓದಿಲ್ವಾ?"

ಮಾವನ ಬಾಯಲ್ಲಿ ಪಿನ್ನು ಇದ್ದಿದ್ದರೆ ಬಚಾವಾಗುತ್ತಿದ್ದ. ಇರಲಿಲ್ಲ.

"ಎರಡನೇ ಪುಟ ನನಗೆ ಬಾಯಿಪಾಠ!" ಎಂದ. "ನೀವು ತಪ್ಪು ಅರ್ಥ ಮಾಡ್ಕೊಂಡಿದೀರಿ. ಬರಹದಲ್ಲಿ ದೂರು ಕೊಡ್ತೀನಿ!"

ಕೊಟ್ಟೂಬಿಟ್ಟ. ಬರೆದದ್ದು ನಾನೇ, ಹೇಳಿದ್ದು ಅವನು: 'ಎದುರು ತಂಡದವರು ನಾಲ್ಕು ಮಕ್ಕಳ ನಿಯಮವನ್ನು ಗಾಳಿಗೆ ತೂರಿ ಎಂಟು ಮಕ್ಕಳನ್ನು, ಅದೂ ಆ ಮಕ್ಕಳು ನಗುನಗುತ್ತಿರುವಾಗ, ಆಡಿಸಿರುತ್ತಾರೆ.'

"ಮಾವ, ಎರಡನೇ ಪುಟ ಅಂತ ಒಂದು ಇರಬಹುದಲ್ವಾ?"

"ಇದ್ದಿದ್ರೆ ನಾನು ನೋಡ್ತಿರಲಿಲ್ವಾ? ಈ ಅಂಗಡೀಲಿ ಒಂದು ಸೂಜಿ ಕಳೆದ್ರೂ ನನಗೆ ಗೊತ್ತಾಗುತ್ತೆ."

ಹೇಳುತ್ತಾ ಸೂಜಿಯ ಮೇಲೆ ಕೂತ. ಅದನ್ನು ನಾನು ದೂರಿನಲ್ಲಿ ಸೇರಿಸಲಿಲ್ಲ. ಆದರೂ ನಾನೂ ಅತ್ತೆಯೂ ಸೇರಿ ಮೇಲೆ ಕೆಳಗೆ ಎಲ್ಲಾ ಹುಡುಕಿದೆವು. ಹಾಸಿಗೆಯ ಕೆಳಗೆ, ಬೀರುವಿನ ಮೇಲೆ, ಚಿಂದಿ ತುಂಬಿದ ಚೀಲದ ತಳದಲ್ಲಿ. ಹೋದ ವರ್ಷ ಕಳೆದ ಒಂದು ತೋಳು ಸಿಕ್ಕಿತು, ಪುಟ ಸಿಗಲಿಲ್ಲ.

ಮಂಗಳವಾರ ಸಂಜೆ ಕಾರ್ಯದರ್ಶಿಗಳು ಬಂದರು. ಒಂದು ಕೈಯಲ್ಲಿ ಮಾವನ ದೂರು, ಇನ್ನೊಂದು ಕೈಯಲ್ಲಿ ಡಾಕ್ಟರಮ್ಮನ ಅರ್ಜಿ, ಹದಿನಾಲ್ಕು ಸಹಿಗಳೊಂದಿಗೆ. ಅದರಲ್ಲಿ ಬೇಕರಿಯವರದು ಎರಡು, ಮಗನಿಗೊಂದು.

"ಎರಡೂ ವಿಚಾರ ಇವತ್ತೇ ತೀರ್ಮಾನ ಆಗಬೇಕು," ಎಂದರು. ಧ್ವನಿ ಕೇಳಿ ಅತ್ತೆ ಮೆಟ್ಟಿಲ ಮೇಲೇ ನಿಂತರು. "ಆದರೆ ಮೊದಲು ನನ್ನ ಅಂಗಿ. ಟ್ರಯಲ್ ನೋಡಿಬಿಡೋಣ."

ಮಾವ ಅಂಗಿ ತೊಡಿಸಿದ. ಗುಂಡಿ ಸ್ಟೂಲಿನ ಮೇಲೆ ನಿಂತು ಪಿನ್ನಿನ ಡಬ್ಬಿ ಹಿಡಿದಿದ್ದಳು. ಮಾತು ಬಿಟ್ಟಿದ್ದಳೇ ಹೊರತು ಕಸುಬು ಬಿಟ್ಟಿರಲಿಲ್ಲ.

"ಕಾಲರ್ ಬಿಗಿ ಆಯ್ತಲ್ರೀ. ಉಸಿರು ಕಟ್ಟುತ್ತೆ."

"ಇಲ್ಲ ಸಾರ್, ನೀವು ಸಿಟ್ಟಲ್ಲಿದೀರಿ, ಅದಕ್ಕೆ ಕುತ್ತಿಗೆ ಉಬ್ಬಿದೆ. ನನ್ನ ಅಳತೆ ತಪ್ಪಲ್ಲ. ಬೇಕಾದ್ರೆ ನೋಡಿ."

ಖಾಯಂ ಗಿರಾಕಿಗಳ ಕಾಲರ್, ಕಫ್‌ಗಳ ಅಳತೆಯನ್ನು ಮಾವ ದಪ್ಪ ಕಾಗದದಲ್ಲಿ ಕತ್ತರಿಸಿ, ಹೆಸರು ಬರೆದು, ಗೋಡೆಯ ಮೊಳೆಗೆ ನೇತುಹಾಕಿರುತ್ತಾನೆ. ಒಮ್ಮೆ ಕತ್ತರಿಸಿದರೆ ಹತ್ತು ವರ್ಷ ಬಾಳಿಕೆ. ಹಾಗಾಗಿ ಅವನಿಗೆ ದಪ್ಪ ಕಾಗದ ಕಂಡರೆ ಬೆಕ್ಕಿಗೆ ಹಾಲು ಕಂಡಂತೆ. 'ಕಾರ್ಯದರ್ಶಿ' ಎಂದು ಬರೆದ ಗೊಂಚಲನ್ನು ಮೊಳೆಯಿಂದ ತೆಗೆದು, ಕಾಲರಿನ ಎರಡು ತುಂಡುಗಳನ್ನು ಅವರ ಕುತ್ತಿಗೆಗೆ ಸುತ್ತಿ ಪಿನ್ನು ಚುಚ್ಚಿದ.

ಗುಂಡಿ ಕುತ್ತಿಗೆಯ ಹತ್ತಿರ ಬಗ್ಗಿದಳು. ಹುಬ್ಬು ಗಂಟಿಕ್ಕಿದಳು. ಆಮೇಲೆ ಪಾಠದ ಪುಸ್ತಕ ಓದುವ ಧ್ವನಿಯಲ್ಲಿ ಶುರುಮಾಡಿದಳು:

"ಏ-ಕ-ಕಾ-ಲ-ಕ್ಕೆ ಮೈದಾನದಲ್ಲಿ ಇರ-ತಕ್ಕದ್ದು."

ಕಾರ್ಯದರ್ಶಿಗಳು ಬೆಚ್ಚಿದರು. "ಏನಮ್ಮ ಅದು?"

"ನಿಮ್ಮ ಕುತ್ತಿಗೆ ಮೇಲೆ ಬರೆದಿದೆ ತಾತ. ಅಲ್ಲಾಡಬೇಡಿ. 'ಬಂದ ಮಕ್ಕಳೆಲ್ಲರೂ ಸರದಿಯಂತೆ ಸಮಾನ ಹೊತ್ತು ಆಡತಕ್ಕದ್ದು. ಯಾವ ಮಗುವನ್ನೂ...' ಸ್ವಲ್ಪ ತಿರುಗಿ ತಾತ."

ಕಾರ್ಯದರ್ಶಿಗಳು ತಿರುಗಿದರು. ಮೂವತ್ತು ವರ್ಷ ದಾಖಲೆಗಳನ್ನು ಕಾಪಾಡಿದವರು ಈಗ ತಾವೇ ದಾಖಲೆಯಾಗಿ ನಿಂತಿದ್ದರು.

"'...ಯಾವ ಮಗುವನ್ನೂ ಕೈಬಿಡತಕ್ಕದ್ದಲ್ಲ. ಗೋಲ್‌ಕೀಪರ್ ಆಗಿದ್ದ ಮಗು...'" ಗುಂಡಿಯ ಧ್ವನಿ ಇಳಿಯಿತು. ಬೆರಳಿಟ್ಟು ಮತ್ತೆ ಓದಿದಳು. "'ಗೋಲ್‌ಕೀಪರ್ ಆಗಿದ್ದ ಮಗು ಇನ್ನು ಮುಂದೆ ಎಲ್ಲರೊಡನೆ ಓಡಿ ಆಡತಕ್ಕದ್ದು.'"

ನಾನು ಒಂದನೇ ಪುಟ ತಂದು ಕುತ್ತಿಗೆಯ ಪಕ್ಕ ಹಿಡಿದೆ. 'ಪ್ರತಿ ತಂಡದಿಂದ ನಾಲ್ಕು ಮಕ್ಕಳು ಮಾತ್ರ' ಎಂದು ಅಲ್ಲಿ ನಿಂತ ಮಾತು 'ಏಕಕಾಲಕ್ಕೆ ಮೈದಾನದಲ್ಲಿರತಕ್ಕದ್ದು' ಎಂದು ಕಾಲರಿನಲ್ಲಿ ಮುಂದುವರಿದಿತ್ತು. ಹೊಲಿಗೆ ಹಾಕಿದ ಹಾಗೆ ಕೂಡಿತು.



"ನನ್ನ ನಿಯಮಾವಳಿಯನ್ನ," ಎಂದರು ಕಾರ್ಯದರ್ಶಿಗಳು, ಒಂದೊಂದೇ ಪದ, "ನೀವು ನನ್ನ ಕಾಲರ್ ಅಳತೆಗೆ ಕತ್ತರಿಸಿದ್ರಾ?"

"ಕಾಗದ ಬಹಳ ಚೆನ್ನಾಗಿತ್ತು ಸಾರ್," ಎಂದ ಮಾವ ಸಣ್ಣ ಧ್ವನಿಯಲ್ಲಿ. "ಎರಡು ಹಾಳೆ ಅಂಟಿಕೊಂಡಿತ್ತು. ಕೆಳಗಿನದು ಖಾಲಿ ಅಂದ್ಕೊಂಡು..."

"ಕಫ್ ಕೂಡ ಇದೆ ತಾತ, ಕೈ ಕೊಡಿ," ಎಂದು ಗುಂಡಿ ಅವರ ಮಣಿಕಟ್ಟಿಗೆ ಗೊಂಚಲಿನ ಕೊನೆಯ ತುಂಡನ್ನು ಸುತ್ತಿದಳು. "'ತರಬೇತುದಾರರು ಈ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.'"

"ಇಟ್ಟಿದೀನಲ್ಲ ಸಾರ್!" ಎಂದ ಮಾವ ಆಸೆಯಿಂದ. "ಮೊಳೆಗೆ ಹಾಕಿ, ಹೆಸರು ಬರೆದು..."

ಕಾರ್ಯದರ್ಶಿಗಳು ಒಂದು ನೋಟ ನೋಡಿದರು. ಮಾವ ಗಾಬರಿಯಲ್ಲಿ ಗುಂಡಿಯ ಡಬ್ಬಿಯಿಂದ ನಾಲ್ಕು ಪಿನ್ನು ತೆಗೆದು ಬಾಯಿಗಿಟ್ಟುಕೊಂಡ. ಆಮೇಲೆ ಯಾರೂ ಕೇಳದೆಯೇ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ನಾಲ್ಕೂ.

"ಸಾರ್, ಇನ್ನೊಂದು ಮಾತು. ಆ ಫೋಟೋ... ನಾನು ಆಡಿದವನಲ್ಲ. ಒಂದು ದಿನಾನೂ ಆಡಿಲ್ಲ. ಅಂಗಿ ಸರಿಯಾಗಿ ಕೂರುತ್ತಾ ನೋಡೋಕೆ ಹಾಕ್ಕೊಂಡಿದ್ದೆ, ಅಷ್ಟೇ. ಬೇರೆ ಕೋಚ್ ನೋಡ್ಕೊಳಿ. ಆದ್ರೆ ಟೀಮ್ ಮುಚ್ಚಬೇಡಿ."

ಮೆಟ್ಟಿಲ ಮೇಲೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಕಾರ್ಯದರ್ಶಿಗಳು ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ಫೋಟೋ ನೋಡಿದರು.

"ಗೊತ್ತು," ಎಂದರು.

"ಗೊತ್ತಾ?"

"ಫೋಟೋದಲ್ಲಿ ನಿಮ್ಮ ಕೊರಳಲ್ಲಿ ಟೇಪ್ ನೇತಾಡ್ತಿದೆ ಕಣ್ರೀ. ಟೇಪ್ ಹಾಕ್ಕೊಂಡು ಯಾರು ಫುಟ್ಬಾಲ್ ಆಡ್ತಾರೆ?"

ನಾವೆಲ್ಲ ಫೋಟೋದ ಹತ್ತಿರ ನುಗ್ಗಿದೆವು. ಹೌದು. ಇಪ್ಪತ್ತು ವರ್ಷದಿಂದ ನೇತಾಡುತ್ತಿತ್ತು.

"ಮತ್ತೆ ಯಾಕೆ ಸಾರ್ ನನ್ನನ್ನ..."

"ಒಂಬತ್ತು ಜನರನ್ನ ಕೇಳಿದ್ದೆ, ಒಂಬತ್ತೂ ಜನ ಆಗಲ್ಲ ಅಂದ್ರು. ನೀವೊಬ್ಬರೇ ಹ್ಞೂಂ ಅಂದದ್ದು." ಅವರು ದೂರನ್ನು ಮಡಚಿ ಮಾವನ ಜೇಬಿಗೇ ತುರುಕಿದರು. ಅರ್ಜಿಯನ್ನು ಮಾತ್ರ ಮಡಚಲಿಲ್ಲ. "ಆದರೆ ಹದಿನಾಲ್ಕು ಸಹಿ ಇದೆ, ಇದನ್ನ ನುಂಗೋಕಾಗಲ್ಲ. ನಾಳೆ ಸಂಜೆ ಐದಕ್ಕೆ ಮೈದಾನದಲ್ಲಿ ಸಭೆ. ಹನ್ನೊಂದು ಮಕ್ಕಳು, ಅವರ ಅಪ್ಪ-ಅಮ್ಮ, ಎಲ್ಲಾ ಬರಬೇಕು. ಎಲ್ಲರ ಮುಂದೆ ನೀವೇ ಹೇಳಬೇಕು, ಕಾಲರ್ ವಿಷಯ, ಫೋಟೋ ವಿಷಯ, ಎರಡೂ. ಆಮೇಲೂ ಅವರು ನಿಮ್ಮನ್ನ ಇಟ್ಕೊಂಡ್ರೆ ಸರಿ."

"ಡಾಕ್ಟರಮ್ಮನೂ ಬರ್ತಾರಾ ಸಾರ್?"

"ಮೊದಲ ಸಾಲಲ್ಲಿ. ಇದನ್ನ ಬಿಚ್ಚಿ ಈಗ, ಚುಚ್ಚುತ್ತಿದೆ."

ಅವರು ಹೋದ ಮೇಲೆ ಮಾವ ಕಾಲರಿನ ತುಂಡುಗಳನ್ನೂ ಕಫನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಅಂಟಿಸತೊಡಗಿದ. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, ವಾರದ ಅಭ್ಯಾಸದಂತೆ ನನಗೆ ಹೇಳಿದ:

"ಅವಳಿಗೆ ಹೇಳಮ್ಮ, ನಾಳೆ ಐದಕ್ಕೆ ಸಭೆ ಅಂತೆ. ಬರೋದಾದ್ರೆ..."

"ಗುಂಡಿ, ನಾಳೆ ಐದ..."

"ಅಕ್ಕ, ನೀನು ಸುಮ್ನಿರು," ಎಂದಳು ಗುಂಡಿ. ಸ್ಟೂಲಿನಿಂದ ಕೆಳಗೆ ಹಾರಿ, ಅಂಟಿನ ಡಬ್ಬಿಯನ್ನು ಮೇಜಿನ ಮೇಲೆ ಅತ್ತ ತಳ್ಳಿದಳು. "ಅಪ್ಪ, ಐದಕ್ಕೆ ಬೇಡ, ನಾಲ್ಕೂವರೆಗೇ ಹೋಗೋಣ. ಡಾಕ್ಟರ್ ಆಂಟಿ ಬರೋಕೆ ಮುಂಚೆ ನೀನು ಒಂದ್ಸಲ ನನ್ನ ಹತ್ರ ಹೇಳಿ ಪ್ರಾಕ್ಟೀಸ್ ಮಾಡ್ಕೋ. ಮತ್ತೆ ಬಾಯಲ್ಲಿ ಪಿನ್ ಇಟ್ಕೊಂಡು ಬರಬೇಡ."